ಉರಿವ ಒಲವು, ಆರುವ ಒಲವು

ಒಲವನ್ನು ಹಾಡದ ಕವಿಯಿಲ್ಲ. ಆದರೆ ಒಲವಿನ ಎಲ್ಲ ಅವಸ್ಥೆಗಳನ್ನೂ ಕವಿಗಳು ಒಂದೇ ಸಮನಾಗಿ ಹಾಡಿಲ್ಲ. ಹುಟ್ಟುವ ಒಲವಿಗೆ ವಸಂತವುಂಟು, ತಂಗಾಳಿಯುಂಟು, ಕೋಗಿಲೆಯುಂಟು. ಅಗಲಿದ ಒಲವಿಗೆ ಮುಗಿಲುಂಟು, ದೂತರುಂಟು, ಕಣ್ಣೀರುಂಟು. ಒಲವು ಮಿತಿಮೀರಿ ವ್ಯಾಮೋಹವಾಯಿತೆಂದರೆ ಅದಕ್ಕೆ ಶಾಸ್ತ್ರವೇ ಉಂಟು. ಕಣ್ಣಿನ ಮೆಚ್ಚುಗೆಯಲ್ಲಿ ತೊಡಗಿ, ಮನಸ್ಸಿನ ಅಂಟು, ನಿದ್ರಾನಾಶ, ಮೈಯ ಸೊರಗು, ಲಜ್ಜಾತ್ಯಾಗ, ಉನ್ಮಾದ, ಮೂರ್ಛೆ ಎಂದು ಒಂದೊಂದೇ ಮೆಟ್ಟಿಲೇರಿ ಮರಣದಲ್ಲಿ ಮುಗಿಯುವ ಹತ್ತು ಕಾಮಾವಸ್ಥೆಗಳನ್ನು ನಮ್ಮ ಪ್ರಾಚೀನರು ಎಣಿಸಿ ಇಟ್ಟಿದ್ದಾರೆ. ಏರುವುದಕ್ಕೆ ಇಷ್ಟು ಮೆಟ್ಟಿಲುಗಳು. ಇಳಿಯುವುದಕ್ಕೆ ಮಾತ್ರ ಒಂದೂ ಇಲ್ಲ. ಅಷ್ಟವಿಧ ನಾಯಿಕೆಯರ ಪಟ್ಟಿಯಲ್ಲಿ ವಂಚಿತಳಾದವಳಿಗೆ ಹೆಸರುಂಟು, ಕಾದು ಕುಳಿತವಳಿಗೆ ಹೆಸರುಂಟು, ಜಗಳವಾಡಿ ಆಮೇಲೆ ಪಶ್ಚಾತ್ತಾಪಪಡುವವಳಿಗೂ ಹೆಸರುಂಟು. ಯಾವ ಜಗಳವೂ ಇಲ್ಲದೆ, ಯಾವ ಕಾರಣವೂ ತೋರದೆ, ಎದೆಯೊಳಗಿನ ದೀಪ ಆರಿಹೋದವಳಿಗೆ ಹೆಸರಿಲ್ಲ, ಆರಿಹೋದವನಿಗೂ ಇಲ್ಲ.

ಲಕ್ಷಣಕಾರರು ಬಿಟ್ಟುದನ್ನು ಕವಿಗಳೂ ಬಿಟ್ಟರೆ? ಇಲ್ಲ. ದೊಡ್ಡ ಕವಿಗಳ ಕಣ್ಣು ಈ ಆರುವಿಕೆಯ ಮೇಲೆ ಬಿದ್ದೇ ಇದೆ. ಆದರೆ ಅವರು ಅದನ್ನು ವರ್ಣಿಸಲು ಹೋಗಲಿಲ್ಲ. ಒಂದು ಸಣ್ಣ ಗುರುತಿನಿಂದ ಸೂಚಿಸಿ ಮುಂದೆ ನಡೆದರು. ಉರಿಗೆ ಮಾತು ಹೆಚ್ಚು, ಬೂದಿಗೆ ಮಾತು ಕಡಿಮೆ. ಹಾಗಾಗಿ ಓದುವವರು ಉರಿಯನ್ನು ನೋಡುತ್ತ ನಿಂತು ಬೂದಿಯನ್ನು ದಾಟಿಕೊಂಡು ಹೋಗುವುದೇ ಹೆಚ್ಚು.

ಕಾಳಿದಾಸನ 'ಅಭಿಜ್ಞಾನ ಶಾಕುಂತಲ'ದ ಐದನೆಯ ಅಂಕವನ್ನು ನೆನೆದುಕೊಳ್ಳಬಹುದು. ಶಕುಂತಲೆ ಇನ್ನೂ ಅರಮನೆಯ ಬಾಗಿಲಿಗೆ ಬಂದಿಲ್ಲ. ಒಳಗಿನಿಂದ ಒಂದು ಹಾಡು ಕೇಳಿಬರುತ್ತದೆ. ಹಾಡುವವಳು ಹಂಸಪದಿಕೆ. ಒಂದು ಕಾಲದಲ್ಲಿ ಅರಸನು ಒಲಿದಿದ್ದವಳು, ಈಗ ಅವನ ನೆನಪಿನಿಂದ ಜಾರಿದವಳು. ಅವಳು ರಂಗದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ; ಅವಳದು ಒಂದು ದನಿ ಮಾತ್ರ. ಹಾಡಿನಲ್ಲಿರುವ ಆಕ್ಷೇಪ ತನ್ನ ಮೇಲಿನದೆಂದು ದುಷ್ಯಂತನಿಗೆ ತಿಳಿಯುತ್ತದೆ. ಆಕೆಯನ್ನು ಸಮಾಧಾನಪಡಿಸಲು ತಾನು ಹೋಗದೆ ವಿದೂಷಕನನ್ನು ಕಳಿಸುತ್ತಾನೆ. ಆಮೇಲೆ, ಅಗಲಿದವರು ಯಾರೂ ಇಲ್ಲದಿದ್ದರೂ ತನಗೇಕೆ ಈ ಕಳವಳವೆಂದು ಬೆರಗಾಗುತ್ತಾನೆ.

ಮಹಾಭಾರತದ ಮೂಲಕಥೆಯಲ್ಲಿ ದುರ್ವಾಸನ ಶಾಪವಿಲ್ಲ. ಅದನ್ನು ತಂದವನು ಕಾಳಿದಾಸ. ತನ್ನ ನಾಯಕನ ಮರವೆಗೆ ಅವನು ಒಬ್ಬ ಋಷಿಯ ಸಿಟ್ಟನ್ನು ಕಾರಣವಾಗಿ ಒದಗಿಸಿದ. ಆದರೆ ಅದೇ ಕವಿ, ಆ ಮರವೆಯ ದೃಶ್ಯಕ್ಕೆ ಹೊಸ್ತಿಲಾಗಿ, ಈ ಪುಟ್ಟ ಹಾಡನ್ನೂ ಇಟ್ಟ. ಹಂಸಪದಿಕೆಯನ್ನು ಮರೆಯಲು ಅರಸನಿಗೆ ಯಾವ ಋಷಿಯ ಶಾಪವೂ ಬೇಕಾಗಿರಲಿಲ್ಲ. ಶಕುಂತಲೆಗೆ ಉಂಗುರವುಂಟು, ಮಗನುಂಟು, ಏಳನೆಯ ಅಂಕವುಂಟು. ಹಂಸಪದಿಕೆಗೆ ಏನುಂಟು? ಆರಿದ ಒಲವಿಗೆ ಕಾಳಿದಾಸ ಕೊಟ್ಟುದು ಒಂದೇ ಹಾಡು. ಅದೂ ತೆರೆಯ ಮರೆಯಿಂದ.

ದನಿಗೆ ಒಲಿದವಳು

ಅರಮನೆಯಲ್ಲಿ ಕೇಳಿಬಂದ ಇನ್ನೊಂದು ಹಾಡು ನಮ್ಮ ಕನ್ನಡದಲ್ಲಿದೆ. ಅದರ ಪರಿಣಾಮ ಇದಕ್ಕೆ ತೀರ ವಿರುದ್ಧವಾದದ್ದು. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದು ಪಡೆದ ಜನ್ನನು 1209ರಲ್ಲಿ 'ಯಶೋಧರ ಚರಿತೆ'ಯನ್ನು ಬರೆದು ಮುಗಿಸಿದ. ನಾಲ್ಕು ಅವತಾರಗಳ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ಸಾಗುವ ಚಿಕ್ಕ ಕಾವ್ಯ. ಕಥೆ ಜನ್ನನದಲ್ಲ, ಸಂಸ್ಕೃತದಲ್ಲಿ ಸೋಮದೇವನೂ ವಾದಿರಾಜನೂ ಅದನ್ನು ಮೊದಲೇ ಹೇಳಿದ್ದರು. ಕಾವ್ಯದ ಉದ್ದೇಶ ಅಹಿಂಸೆಯ ಬೋಧೆ: ಸಂಕಲ್ಪಮಾತ್ರದಿಂದ ಮಾಡಿದ ಹಿಂಸೆಯೂ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟುತ್ತದೆ ಎಂಬುದನ್ನು ತೋರಿಸುವುದು. ಮಾರಿಯ ಗುಡಿಗೆ ಬಲಿಗಾಗಿ ಹಿಡಿತಂದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ, ಕತ್ತಿ ಹಿಡಿದು ನಿಂತ ಮಾರಿದತ್ತ ಅರಸನಿಗೆ ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾರೆ. ಆ ಕಥೆಯ ನಡುವೆ ಇರುವುದು ಉಜ್ಜಯಿನಿಯ ಅರಸ ಯಶೋಧರ ಮತ್ತು ಅವನ ರಾಣಿ ಅಮೃತಮತಿ.

ಯಶೋಧರ ಚೆಲುವ, ತರುಣ, ಹೆಂಡತಿಯಲ್ಲಿ ಅನುರಕ್ತ. ಅವನ ನಡತೆಯಲ್ಲಿ ಹೆಂಡತಿಯ ಮನಸ್ಸು ಮುರಿಯುವಂಥ ಕುಂದನ್ನು ಕಾವ್ಯದಲ್ಲಿ ಹುಡುಕಿದರೂ ಸಿಕ್ಕದು. ಒಂದು ರಾತ್ರಿ ಅವನ ತೋಳಿನಲ್ಲಿಯೇ ಮಲಗಿದ್ದ ಅಮೃತಮತಿಗೆ ಬೆಳಗಿನ ಜಾವದ ಹೊತ್ತಿನಲ್ಲಿ ಗಜಶಾಲೆಯ ಕಡೆಯಿಂದ ಒಬ್ಬ ಮಾವುತನ ಹಾಡು ಕೇಳಿಸುತ್ತದೆ. ಕೇಳಿದ ಕಿವಿ ಅಲ್ಲಿಯೇ ಸೆರೆಯಾಗುತ್ತದೆ. ಕಾಮಾವಸ್ಥೆಗಳ ಪಟ್ಟಿ ಕಣ್ಣಿನಿಂದ ಆರಂಭವಾಗುವುದೆಂದು ಮೇಲೆ ಹೇಳಿದೆನಷ್ಟೆ. ಜನ್ನ ಆ ಮೊದಲ ಮೆಟ್ಟಿಲನ್ನೇ ಕಿತ್ತುಹಾಕಿದ್ದಾನೆ. ಅವಳು ಒಲಿದುದು ಕಂಡವನಿಗಲ್ಲ. ಕತ್ತಲೆಯಲ್ಲಿ ಕೇಳಿದ ದನಿಗೆ. ಗೆಳತಿಯನ್ನು ಕಳಿಸಿ ನೋಡಿ ಬರಹೇಳುತ್ತಾಳೆ. ಗೆಳತಿ ಕಂಡು ಬಂದದ್ದು ಅಷ್ಟವಂಕನೆಂಬ ಹೆಸರಿಗೆ ತಕ್ಕ ವಿಕಾರವನ್ನು. ವಕ್ರವಾದ ಮೈ, ಹೇಸಿಗೆ ಹುಟ್ಟಿಸುವ ರೂಪು. ಹೇಸಿಕೊಂಡೇ ಅವಳು ವರದಿಯನ್ನೊಪ್ಪಿಸುತ್ತಾಳೆ. ರಾಣಿಗೆ ಅದು ತಡೆಯಾಗುವುದಿಲ್ಲ. ಒಲಿದುದಾಯಿತು, ಇನ್ನು ರೂಪದ ಲೆಕ್ಕ ನನಗೇತಕ್ಕೆ ಎಂಬುದು ಅವಳ ನಿಲುವು. ಅವನೇ ತನಗೆ ಮನ್ಮಥ, ಅವನೇ ದೈವ ಎಂಬವರೆಗೆ ಅವಳ ವಾದ ಹರಿಯುತ್ತದೆ.

ಈ ವಾದವನ್ನು ಓದುವಾಗ ಒಂದು ವಿಚಿತ್ರ ಅನುಭವವಾಗುತ್ತದೆ. ಧರ್ಮಕಾವ್ಯವನ್ನು ಬರೆಯಲು ಕುಳಿತ ಕವಿ, ತಾನು ಖಂಡಿಸಬೇಕಾದ ಪಾತ್ರದ ಬಾಯಿಗೆ ಕಾವ್ಯದ ಅತ್ಯಂತ ಬಿರುಸಾದ ಮಾತುಗಳನ್ನು ಕೊಟ್ಟುಬಿಟ್ಟಿದ್ದಾನೆ. ರೂಪ, ಕುಲ, ಸಿರಿ ಇವುಗಳನ್ನು ನೋಡದೆ ಒಲಿಯುವುದೇ ನಿಜವಾದ ಒಲವು ಎಂದು ಲೋಕವೆಲ್ಲ ಹಾಡುತ್ತದೆ. ಅಮೃತಮತಿ ಮಾಡಿದ್ದು ಅದನ್ನೇ ಅಲ್ಲವೆ? ಹಾಡಿನಲ್ಲಿ ಮೆಚ್ಚುವುದನ್ನು ಮನೆಯಲ್ಲಿ ಮೆಚ್ಚುವುದಕ್ಕಾಗದ ನಮ್ಮ ಇಬ್ಬಂದಿತನವನ್ನು ಜನ್ನ ಇಲ್ಲಿ ಮೆಲ್ಲಗೆ ಮುಟ್ಟಿ ನೋಡುತ್ತಾನೆ.

ಆದರೆ ಅವನು ಅಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಸಂಗ ಒಂದು ರಮ್ಯ ಕಥೆಯಾಗುತ್ತಿತ್ತು. ವ್ಯಾಮೋಹದ ಇನ್ನೊಂದು ಮುಖವನ್ನೂ ಅವನು ತೋರಿಸಬೇಕಾಗಿತ್ತು. ರಾಣಿಯ ನಡೆಯಲ್ಲಿ ಏನೋ ವ್ಯತ್ಯಾಸವನ್ನು ಕಂಡ ಅರಸನು ಒಂದು ರಾತ್ರಿ ನಿದ್ದೆ ಬಂದವನಂತೆ ನಟಿಸಿ, ಅವಳೆದ್ದು ಹೊರಟಾಗ, ಕತ್ತಿಯನ್ನು ಹಿಡಿದು ಹಿಂದೆಯೇ ಹೋಗುತ್ತಾನೆ. ಅಲ್ಲಿ ಕಂಡುದೇನು? ತಡವಾಗಿ ಬಂದಳೆಂದು ಕೆರಳಿದ ಮಾವುತನು ಪಟ್ಟದ ರಾಣಿಯ ಮುಡಿಯನ್ನು ಹಿಡಿದೆಳೆದು ಬಡಿಯುತ್ತಿದ್ದಾನೆ. ಅವಳು ಕಾಲಿಗೆ ಬಿದ್ದು ಬೇಡಿಕೊಳ್ಳುತ್ತಿದ್ದಾಳೆ: ಅರಸನ ದೆಸೆಯಿಂದ ತಡವಾಯಿತು, ನೀನು ಬಿಟ್ಟರೆ ನನಗೆ ಬದುಕಿಲ್ಲ, ಉಳಿದ ಗಂಡಸರೆಲ್ಲ ನನಗೆ ಒಡಹುಟ್ಟಿದವರು.

ಗಂಡನ ಸಾವಿರ ಮುದ್ದು ಹಿಡಿದಿಡಲಾರದವಳನ್ನು ಈ ಪೆಟ್ಟುಗಳು ಹಿಡಿದಿಟ್ಟಿವೆ. ಜನ್ನ ಇದನ್ನು ವಿವರಿಸುವುದಿಲ್ಲ. ಇದಕ್ಕೆ ನೀತಿಯ ಷರಾ ಬರೆಯುವುದಿಲ್ಲ. ಒಲವು ಸ್ವಾತಂತ್ರ್ಯವೆಂದು ನಂಬಿ ಹೊರಬಿದ್ದವಳು ಅದರ ಊಳಿಗದವಳಾದಳು ಎಂಬುದನ್ನು ಆ ಕತ್ತಲೆಯ ಚಿತ್ರವೇ ಹೇಳುತ್ತದೆ. ವ್ಯಾಮೋಹವನ್ನು ಇಷ್ಟು ಮರುಕವಿಲ್ಲದೆ, ಇಷ್ಟು ದ್ವೇಷವೂ ಇಲ್ಲದೆ ಕಂಡ ಕವಿಗಳು ಕಡಿಮೆ.

ನೈದಿಲೆಯ ಪೆಟ್ಟು

ಅರಸನ ಕೈಯಲ್ಲಿ ಕತ್ತಿ ಮೇಲೆದ್ದಿತು. ಆದರೆ ಇಳಿಯಲಿಲ್ಲ. ಶತ್ರುರಾಜರ ಮೇಲೆ ಎತ್ತಬೇಕಾದ ಕತ್ತಿಯನ್ನು ಒಬ್ಬ ಹೆಣ್ಣಿನ ಮೇಲೆ, ಒಬ್ಬ ಮಾವುತನ ಮೇಲೆ ಎತ್ತುವುದೆ ಎಂದು ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗಿ ಹಾಸಿಗೆಯಲ್ಲಿ ಮಲಗಿದ. ಸ್ವಲ್ಪ ಹೊತ್ತಿನ ಮೇಲೆ ಅವಳೂ ಬಂದು ಸದ್ದಿಲ್ಲದೆ ಪಕ್ಕದಲ್ಲಿ ಮಲಗಿದಳು. ಒಂದೇ ಹಾಸಿಗೆಯಲ್ಲಿ ಇಬ್ಬರೂ ಎಚ್ಚರವಾಗಿ, ಇಬ್ಬರೂ ನಿದ್ದೆಯನ್ನು ನಟಿಸುತ್ತ! ಆರಿದ ದಾಂಪತ್ಯಕ್ಕೆ ಇದಕ್ಕಿಂತ ಬೇರೆ ಚಿತ್ರ ಬೇಕೆ?

ಮರುದಿನ ಅರಸ ವಿನೋದಕ್ಕೆಂಬಂತೆ ಒಂದು ನೈದಿಲೆಯ ಹೂವಿನಿಂದ ಅವಳನ್ನು ಹೊಡೆಯುತ್ತಾನೆ. ಅವಳು ನೋವಾದಂತೆ ಮೂರ್ಛೆಗೊಂಡು ಬೀಳುತ್ತಾಳೆ. ಅರಸ ಶೈತ್ಯೋಪಚಾರ ಮಾಡಿಸುತ್ತ, ಎರಡು ಅಲಗಿನ ಒಂದು ಮಾತನ್ನಾಡುತ್ತಾನೆ. ಹೂವಿನ ಪೆಟ್ಟಿಗೆ ಬಿದ್ದವಳ ಸೌಕುಮಾರ್ಯವನ್ನು ಹೊರಗೆ ಹೊಗಳಿದಂತೆ. ರಾತ್ರಿಯ ಪೆಟ್ಟುಗಳನ್ನು ತಡೆದುಕೊಂಡವಳ ಗುಟ್ಟನ್ನು ಒಳಗೆ ಚುಚ್ಚಿದಂತೆ.

ಒಲವು ಆರಿದುದಕ್ಕೆ ಜನ್ನ ಕೊಟ್ಟ ಗುರುತು ಈ ಹೂವು. ಹಿಂದೆ ಇದೇ ಹೂವು ಇದೇ ಕೈಯಿಂದ ಅವಳ ಮೇಲೆ ಬಿದ್ದಿದ್ದರೆ ಅದು ಪ್ರಣಯದ ಆಟವಾಗುತ್ತಿತ್ತು. ಇಂದು ಆಟದ ಸಾಮಗ್ರಿಯೆಲ್ಲ ಇದೆ. ಅರಸನಿದ್ದಾನೆ, ರಾಣಿಯಿದ್ದಾಳೆ, ಹೂವಿದೆ, ನಗೆಯಿದೆ. ಒಳಗಿನ ಜೀವ ಮಾತ್ರ ಹೋಗಿದೆ. ಸಂಸ್ಕೃತದ ಅಮರುಕ ಕವಿಗೂ ಈ ಮರ್ಮ ಗೊತ್ತಿತ್ತು. ಅವನ ನಾಯಿಕೆಯೊಬ್ಬಳು ಗಂಡನನ್ನು ಬಯ್ಯುವುದಿಲ್ಲ. ಎದ್ದು ಎದುರುಗೊಂಡು ಆದರಿಸುತ್ತಾಳೆ, ಮತ್ತು ಆ ಆದರದಿಂದಲೇ ಅವನನ್ನು ದೂರವಿಡುತ್ತಾಳೆ. ಅಮರುಕನ ಒಂದೊಂದು ಮುಕ್ತಕವೂ ಒಂದೊಂದು ಪ್ರಬಂಧಕ್ಕೆ ಸಮವೆಂದು ಆನಂದವರ್ಧನ ಹೇಳಿದ್ದು ಇಂಥ ಸೂಕ್ಷ್ಮಕ್ಕಾಗಿಯೇ ಇರಬೇಕು. ಆದರೂ ಅಮರುಕನ ನಾಯಿಕೆಯ ಉಪಚಾರದ ಹಿಂದೆ ಕೋಪವಿದೆ; ಕೋಪವಿರುವಲ್ಲಿ ಕೆಂಡ ಇನ್ನೂ ಉಳಿದಿರುತ್ತದೆ. ಅಮೃತಮತಿಯ ಮೂರ್ಛೆಯ ಹಿಂದೆ ಅದೂ ಇಲ್ಲ.

ಹಿಟ್ಟಿನ ಹುಂಜ ಕೂಗಿತು

ಇನ್ನು ಕಥೆಯ ತಿರುವು. ತನ್ನ ಮನಸ್ಸಿನ ಬೇಗೆಯನ್ನು ಯಶೋಧರ ಯಾರಿಗೂ ಹೇಳಲಾರ. ಹೆಂಡತಿಗೆ ಹೇಳಲಿಲ್ಲ; ತಾಯಿಯ ಮುಂದೆಯೂ ನಿಜವನ್ನು ಬಿಚ್ಚಲಿಲ್ಲ. ಮಗನ ಮುಖ ಬಾಡಿದುದನ್ನು ಕಂಡು ಕೇಳಿದ ತಾಯಿ ಚಂದ್ರಮತಿಗೆ, ಕೆಟ್ಟ ಕನಸೊಂದನ್ನು ಕಂಡೆನೆಂದು ಹೇಳಿದ. ಕನಸಿನ ದೋಷಪರಿಹಾರಕ್ಕೆ ದೇವಿಗೆ ಬಲಿ ಕೊಡಬೇಕೆಂದು ಅವಳು ಹಟಹಿಡಿದಳು. ಪ್ರಾಣಿಯನ್ನು ಕೊಲ್ಲಲಾರೆನೆಂದು ಮಗ. ಕೊನೆಗೆ ಒಂದು ಒಪ್ಪಂದ: ಹಿಟ್ಟಿನಿಂದ ಮಾಡಿದ ಹುಂಜವನ್ನು ಬಲಿ ಕೊಡುವುದು. ಅರಸನ ಕತ್ತಿ ಬಿದ್ದೊಡನೆ, ಒಳಹೊಕ್ಕಿದ್ದ ಬೆಂತರದಿಂದಾಗಿ, ಆ ಹಿಟ್ಟಿನ ಹುಂಜ ಕೂಗಿಕೊಂಡಿತು.

ಈ ಬಲಿಯನ್ನು ಸಂಕಲ್ಪಹಿಂಸೆಯ ದೃಷ್ಟಾಂತವೆಂದು ವಿವರಿಸುವುದು ವಾಡಿಕೆ. ಕವಿಯ ಉದ್ದೇಶವೂ ಅದೇ. ಆದರೆ ಹಿಂದಿನ ರಾತ್ರಿಯಿಂದ ಈ ಕತ್ತಿಯ ದಾರಿಯನ್ನು ಗಮನಿಸುತ್ತ ಬಂದವರಿಗೆ ಇನ್ನೊಂದು ಅರ್ಥವೂ ಹೊಳೆಯದಿರದು. ಗಜಶಾಲೆಯ ಕತ್ತಲೆಯಲ್ಲಿ ಮೇಲೆದ್ದ ಕತ್ತಿ ಅಲ್ಲಿ ಇಳಿಯಲಿಲ್ಲ. ಬೆಳಗಾದ ಮೇಲೆ ಅದು ಹೂವಾಗಿ ಅವಳ ಮೇಲೆ ಬಿತ್ತು. ಆಮೇಲೆ ನಿಜವಾದ ಕತ್ತಿಯಾಗಿಯೇ ಹಿಟ್ಟಿನ ಹುಂಜದ ಕೊರಳ ಮೇಲೆ ಬಿತ್ತು. ಹುಂಜ ಹಿಟ್ಟಿನದು, ಕೊಲ್ಲುವ ಸಂಕಲ್ಪ ಮಾತ್ರ ಹಿಟ್ಟಿನದಲ್ಲ. ಕೂಗಿದುದು ಬೆಂತರವೆಂದು ಕಥೆ ಹೇಳುತ್ತದೆ. ನುಂಗಿಕೊಂಡ ನೋವಿಗೆ ಎಲ್ಲಿಯಾದರೂ ಒಂದು ಕಡೆ ಕೂಗಲೇಬೇಕಾಗಿತ್ತು ಎಂದು ಓದುಗನ ಮನಸ್ಸು ಹೇಳುತ್ತದೆ. ಒಲವು ಆರಿದುದು ಈ ಕಾವ್ಯದಲ್ಲಿ ಪಾಪವಲ್ಲ. ಆರಿದುದನ್ನು ಇಬ್ಬರೂ ಬಾಯಿಬಿಟ್ಟು ಹೇಳದೆ, ಹಾಸಿಗೆಯಲ್ಲಿ ನಿದ್ದೆಯಾಗಿ, ಹಗಲಿನಲ್ಲಿ ಮೂರ್ಛೆಯಾಗಿ, ತಾಯಿಯ ಮುಂದೆ ಕನಸಾಗಿ ಸುಳ್ಳಿನ ಮೇಲೆ ಸುಳ್ಳನ್ನು ಹೆಣೆದದ್ದೇ ಅನರ್ಥಕ್ಕೆ ಮೂಲವಾಯಿತು.

ಅರಸ ರಾಜ್ಯವನ್ನು ಬಿಟ್ಟು ಹೊರಡಲು ಸಿದ್ಧನಾದಾಗ ಅಮೃತಮತಿ ಔತಣದ ನೆವದಲ್ಲಿ ಅವನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ನವಿಲಾಗಿ ಹುಟ್ಟಿ ತನ್ನ ಅರಮನೆಗೇ ಬಂದು ಸೇರಿದ ಯಶೋಧರ, ಅಮೃತಮತಿಯನ್ನೂ ಮಾವುತನನ್ನೂ ಒಟ್ಟಿಗೆ ಕಂಡಾಗ ಹಿಂದಿನ ಜನ್ಮದ ನೆನಪು ಕೆರಳಿ ಅವರ ಮೇಲೆರಗುತ್ತಾನೆ. ಆ ಕಾರಣದಿಂದಲೇ ಸಾಯುತ್ತಾನೆ. ಮನುಷ್ಯನಾಗಿದ್ದಾಗ ತಡೆದ ಕೈ, ಹಕ್ಕಿಯಾದಾಗ ತಡೆಯಲಿಲ್ಲ. ಅವಳ ಒಲವು ಆರಿತು. ಅವನದು ಆರಿತೆಂದು ನಾವು ತಿಳಿದುದು ತಪ್ಪು. ಅದು ಬೂದಿಯ ಕೆಳಗೆ ಜನ್ಮಾಂತರದವರೆಗೂ ಕನಲುತ್ತಲೇ ಇತ್ತು.

ಚಿತೆಯವರೆಗೆ ಬಂದ ಮೋಹ

ಇಪ್ಪತ್ತೊಂದು ವರ್ಷಗಳ ಅನಂತರ, 1230ರಲ್ಲಿ, ಅದೇ ಜನ್ನ 'ಅನಂತನಾಥ ಪುರಾಣ'ವನ್ನು ಬರೆದ. ತೀರ್ಥಂಕರನ ಚರಿತ್ರೆಯ ನಡುವೆ ಅಲ್ಲಿ ಮತ್ತೆ ಒಂದು ವ್ಯಾಮೋಹದ ಕಥೆ ಬರುತ್ತದೆ. ಪೋದನಪುರದ ಅರಸ ವಸುಷೇಣ; ಅವನ ರಾಣಿ ಸುನಂದೆ; ಗೆಳೆಯನಾಗಿ, ಅತಿಥಿಯಾಗಿ ಬಂದ ಚಂಡಶಾಸನ. ಗೆಳೆಯನ ಹೆಂಡತಿಯನ್ನು ಕಂಡ ಗಳಿಗೆಯಿಂದ ಅವನಿಗೆ ಬೇರೆ ಲೋಕವಿಲ್ಲ. ಉಪಾಯದಿಂದ ಅವಳನ್ನು ಕೊಂಡೊಯ್ಯುತ್ತಾನೆ. ಅವಳು ಒಲಿಯುವುದಿಲ್ಲ. ಗಂಡನ ಆಸೆಯನ್ನು ಕಡಿದರೆ ಒಲಿಯಬಹುದೆಂದು ಎಣಿಸಿ, ವಸುಷೇಣನದೆಂದು ನಂಬಿಸುವ ತಲೆಯೊಂದನ್ನು ತರಿಸಿ ತೋರಿಸುತ್ತಾನೆ. ಸುನಂದೆ ಅದನ್ನು ಕಂಡು ಪ್ರಾಣಬಿಡುತ್ತಾಳೆ. ಚಂಡಶಾಸನ ಅವಳ ಚಿತೆಯಲ್ಲಿ ತಾನೂ ಬಿದ್ದು ಉರಿದುಹೋಗುತ್ತಾನೆ.

ಅಮೃತಮತಿಯ ಕಥೆಯಲ್ಲಿ ಜನ್ನ ಕೇಳಿದ ಪ್ರಶ್ನೆ, ಕಾರಣವಿಲ್ಲದೆ ಒಲವು ಏಕೆ ಆರುತ್ತದೆ ಎಂಬುದು. ಇಲ್ಲಿ ಪ್ರಶ್ನೆ ತಿರುಗಿ ನಿಂತಿದೆ: ಕಾರಣವಿದ್ದರೂ ಒಲವು ಏಕೆ ಆರುವುದಿಲ್ಲ? ಗಂಡ ಸತ್ತನೆಂದು ನಂಬಿದರೂ ಸುನಂದೆಯ ಒಲವು ಆರಲಿಲ್ಲ, ಅವಳು ಆರಿದಳು. ಒಲಿಯಲಾರಳೆಂದು ತಿಳಿದರೂ ಚಂಡಶಾಸನನ ಮೋಹ ಆರಲಿಲ್ಲ. ಅವಳನ್ನು ಕೊಂದು, ತನ್ನನ್ನೂ ಸುಟ್ಟುಕೊಂಡಿತು. ಪರಸತಿಯನ್ನು ಕದ್ದವನೆಂದು ಅವನನ್ನು ದೂರುವುದು ಸುಲಭ, ದೂರಬೇಕಾದ್ದೂ ಹೌದು. ಆ ಕೊನೆಯ ಉರಿಯಲ್ಲಿ ಅವನಿಗೆ ದೊರೆತುದು ಸುನಂದೆಯ ಒಲವಲ್ಲ, ಅವಳ ಶವದ ಸಾಂಗತ್ಯ ಮಾತ್ರ ಎಂಬ ಕಠೋರ ಸತ್ಯವನ್ನು ಜನ್ನ ಮರೆಸುವುದಿಲ್ಲ. ಆದರೂ ಆ ಚಿತೆಯ ಮುಂದೆ ಓದುಗನ ದೂರು ಒಂದು ಕ್ಷಣ ಮಾತು ಕಳೆದುಕೊಳ್ಳುತ್ತದೆ.

ಮೋಹವೂ ಆರಬಲ್ಲುದು, ಆರಿದರೆ ಅದೇ ಉದ್ಧಾರ ಎಂಬುದನ್ನು ಜನ್ನನಿಗಿಂತ ಮುಂಚೆಯೇ ನಾಗಚಂದ್ರ ತನ್ನ 'ರಾಮಚಂದ್ರ ಚರಿತಪುರಾಣ'ದಲ್ಲಿ ತೋರಿಸಿದ್ದ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವನ್ನು ಹೊತ್ತ ಅವನ ರಾವಣ, ರಾಮನ ಸಾವಿನ ಬೆದರಿಕೆಯನ್ನೊಡ್ಡಿದಾಗ ಸೀತೆ ಮೂರ್ಛೆಹೋದುದನ್ನು ಕಂಡು ಕರಗುತ್ತಾನೆ. ಬೇಡುತ್ತಿದ್ದ ಮನಸ್ಸು ಅಲ್ಲಿಯೇ ತಿಳಿಯಾಗುತ್ತದೆ. ಆದರೆ ಸೀತೆಯನ್ನು ಈಗಲೇ ಒಪ್ಪಿಸಿದರೆ ಅಂಜಿದನೆಂದು ಲೋಕ ನಗುವುದಲ್ಲವೆ? ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಮೋಹ ಆರಿದರೂ ಮಾನದ ಹಟ ಆರಲಿಲ್ಲ. ಅದೇ ಅವನನ್ನು ರಣಕ್ಕೊಯ್ದು ಕೊಂದಿತು. ಇಲ್ಲಿಯೂ ಒಂದು ಮೂರ್ಛೆಯೇ ತಿರುವೆಂಬುದು ಗಮನಾರ್ಹ. ಅಮೃತಮತಿಯ ಹುಸಿಮೂರ್ಛೆ ಅರಸನ ಮನಸ್ಸನ್ನು ಕಲ್ಲುಮಾಡಿತು. ಸೀತೆಯ ನಿಜಮೂರ್ಛೆ ರಾವಣನ ಕಲ್ಲನ್ನು ಕರಗಿಸಿತು.

ಬಾಡಿದ ಮಾಲೆ

ಹಾಗಾದರೆ ಉರಿದು ಸುಡದ, ಆರಿ ಬೂದಿಯೂ ಆಗದ ಒಲವು ನಮ್ಮ ಕವಿಗಳಿಗೆ ಕಾಣಲೇ ಇಲ್ಲವೆ? ಪಂಪನಿಗೆ ಕಂಡಿತ್ತು. 'ಆದಿಪುರಾಣ'ದ (941) ಲಲಿತಾಂಗದೇವನು ಸ್ವರ್ಗದಲ್ಲಿ ಸ್ವಯಂಪ್ರಭೆಯೊಡನೆ ಸುಖಿಸುತ್ತಿರುವಾಗ, ಆಯುಷ್ಯಕ್ಕೆ ಇನ್ನು ಆರು ತಿಂಗಳಿರುವಂತೆ, ಅವನ ಕೊರಳ ಮಾಲೆ ಬಾಡತೊಡಗುತ್ತದೆ. ಒಲವು ಬಾಡಲಿಲ್ಲ, ಒಲವಿಗೆ ಸಿಕ್ಕ ಕಾಲ ಬಾಡಿತು. ಮುಂದೆ ಅವರೇ ಭೂಲೋಕದಲ್ಲಿ ವಜ್ರಜಂಘನೂ ಶ್ರೀಮತಿಯೂ ಆಗಿ ಹುಟ್ಟಿ, ಒಂದು ಚಿತ್ರಪಟದ ಮೂಲಕ ಒಬ್ಬರನ್ನೊಬ್ಬರು ಗುರುತಿಸಿ ಕೂಡುತ್ತಾರೆ. ಒಂದು ರಾತ್ರಿ ಶಯ್ಯಾಗೃಹದ ಗವಾಕ್ಷಗಳನ್ನು ತೆರೆಯದೆ ಬಿಟ್ಟದ್ದರಿಂದ, ಸುಗಂಧಕ್ಕೆಂದು ಇಟ್ಟ ಕಾಳಾಗರು ಧೂಪದ ಹೊಗೆ ತುಂಬಿ, ತಬ್ಬಿಕೊಂಡಿದ್ದಂತೆಯೇ ಇಬ್ಬರೂ ಸಾಯುತ್ತಾರೆ. ಆರದ ಒಲವನ್ನು ತೋರಿಸಲು ಪಂಪನಂಥ ಕವಿಗೂ ಕಿಟಕಿಗಳನ್ನು ಮುಚ್ಚಬೇಕಾಯಿತು. ಬೆಳಗಾಗುವ ಮೊದಲೇ ಅವರನ್ನು ಕಳಿಸಿಬಿಡಬೇಕಾಯಿತು.

ಜನ್ನ ಮಾತ್ರ ಬೆಳಗಾಗಲು ಬಿಟ್ಟ. ಅವನ ಕಾವ್ಯದ ಧೈರ್ಯವಿರುವುದು ಅಲ್ಲಿ. ಅಮೃತಮತಿಗೆ ಕಾವ್ಯ ವಿಧಿಸುವ ಶಿಕ್ಷೆ ಘೋರವಾದದ್ದು. ಮೈ ಕೊಳೆತು ನರಕಕ್ಕಿಳಿಯುತ್ತಾಳೆ. ಧರ್ಮದ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಆದರೆ ಕಾವ್ಯದ ಲೆಕ್ಕ ಸರಿಹೋಗುವುದಿಲ್ಲ. ಹಾಗೆ ಸರಿಹೋಗದಿದ್ದುದರಿಂದಲೇ ಏಳು ಶತಮಾನಗಳಿಗೂ ಮಿಕ್ಕು ಕಾಲ ಕಳೆದ ಮೇಲೆ ಗಿರೀಶ ಕಾರ್ನಾಡರು ಅದೇ ರಾಜ, ರಾಣಿ, ತಾಯಿ, ಮಾವುತರನ್ನು 'ಹಿಟ್ಟಿನ ಹುಂಜ' (1980) ನಾಟಕದಲ್ಲಿ ಮತ್ತೆ ಎದುರುಬದುರು ನಿಲ್ಲಿಸಿ ಮಾತನಾಡಿಸಬೇಕಾಯಿತು.

ಅವಳು ಕೆಟ್ಟವಳೆಂದು ತೀರ್ಪಿತ್ತು ಪುಸ್ತಕವನ್ನು ಮುಚ್ಚುವವರಿಗೆ ಜನ್ನ ಅಡ್ಡಬರುವುದಿಲ್ಲ. ತೀರ್ಪಿಗೆ ಬೇಕಾದ ಸಾಕ್ಷ್ಯವನ್ನೆಲ್ಲ ಅವನೇ ಒದಗಿಸಿದ್ದಾನೆ. ಆದರೆ ತೀರ್ಪು ಹೇಳುವ ಮೊದಲು ಆ ಹಾಸಿಗೆಯ ಪಕ್ಕದಲ್ಲಿ ಒಂದು ಗಳಿಗೆ ನಿಲ್ಲಬೇಕು. ಉಜ್ಜಯಿನಿಯ ಅರಮನೆಯಲ್ಲಿ ಅಂದು ರಾತ್ರಿ ಯಾರೊಬ್ಬರಾದರೂ ಎದ್ದು ಕುಳಿತು, ನಾನು ಎಚ್ಚರವಾಗಿದ್ದೇನೆ ಎಂದು ಹೇಳಿದ್ದರೆ, ಹಿಟ್ಟಿನ ಹುಂಜ ಕೂಗುತ್ತಿರಲಿಲ್ಲ.